ಕೊರಿಯಾ–ಜಪಾನ್ ಮ್ಯಾಚ್ ಅಂದ್ರೆ ನಮ್ಮ ಇಂಡಿಯಾ–ಪಾಕಿಸ್ತಾನ ಥರಾನಾ?

ಏಷ್ಯಾದ ಫುಟ್‌ಬಾಲ್ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ನನ್ನ ಉತ್ತರ: ಅಲ್ಲ. ಕಾವು ಅಷ್ಟೇ ಇರಬಹುದು, ಗಾಯ ಬೇರೆ. ನಮ್ಮದು ಒಂದೇ ಮನೆ ಒಡೆದು ಎರಡಾದ ಕಥೆ. ಅಲ್ಲಿ 1910ರಿಂದ 1945ರವರೆಗೆ ಜಪಾನ್ ಕೊರಿಯಾವನ್ನು ಆಳಿತ್ತು. ಕೊರಿಯನ್ ಆಟಗಾರರು ತಮ್ಮನ್ನು ಆಳುವವರ ಅಂಗಿ ತೊಟ್ಟು ಆಡಬೇಕಿತ್ತು.

ಕಿಮ್ ಯಾಂಗ್-ಸಿಕ್ ಅವರನ್ನೇ ನೋಡಿ. 1935ರಲ್ಲಿ ಸೋಲ್‌ನ ಒಂದು ತಂಡ ಜಪಾನಿನ ರಾಷ್ಟ್ರೀಯ ಟೂರ್ನಿಯನ್ನೇ ಗೆದ್ದಿತ್ತು. ಆದರೂ ಮರುವರ್ಷ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದ ಜಪಾನ್ ತಂಡದಲ್ಲಿ ಕೊರಿಯನ್ ಅಂತ ಇದ್ದದ್ದು ಕಿಮ್ ಒಬ್ಬರೇ. ಆ ತಂಡ ಸ್ವೀಡನ್ನನ್ನು 3–2ರಲ್ಲಿ ಸೋಲಿಸಿತು. ಜಪಾನಿನವರು ಈಗಲೂ ಹೆಮ್ಮೆಯಿಂದ ನೆನೆಯುವ ಗೆಲುವು ಅದು.

1954ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಎರಡೂ ದೇಶಗಳು ಎದುರಾದವು. ಜಪಾನ್ ತಂಡ ಕೊರಿಯಾದ ನೆಲ ತುಳಿಯಲು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಒಪ್ಪಲೇ ಇಲ್ಲ. ಹಾಗಾಗಿ ಎರಡೂ ಪಂದ್ಯ ಟೋಕಿಯೋದಲ್ಲೇ ನಡೆದವು. ಕೊರಿಯಾ ಯುದ್ಧ ನಿಂತು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಕೆಸರು ಮೈದಾನದಲ್ಲಿ ಮೊದಲ ಗೋಲು ಜಪಾನಿನದು. ಆಮೇಲೆ ಕೊರಿಯಾ ಒಂದರ ಹಿಂದೊಂದು ಐದು ಹೊಡೆಯಿತು. ಎರಡನೇ ಪಂದ್ಯ 2–2. ವಿಶ್ವಕಪ್ ಆಡಲು ಸ್ವಿಟ್ಜರ್ಲೆಂಡಿಗೆ ಹೋದ ಕೊರಿಯಾ ತಂಡದ ಕೋಚ್ ಅದೇ ಕಿಮ್ ಯಾಂಗ್-ಸಿಕ್!

"ಅದೆಲ್ಲ ಹಳೇದು, ಈಗ್ಯಾಕೆ?" ಅಂತ ಕೆಲವರು ಕೇಳುತ್ತಾರೆ. ಹಳೇದಾಗಿಲ್ಲ. ಆಳ್ವಿಕೆಯ ಕಾಲದಲ್ಲಿ ಜಪಾನಿಗೆ ಹೋದ ಕೊರಿಯನ್ನರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅಲ್ಲೇ ಇದ್ದಾರೆ. ಅವರನ್ನು ಝೈನಿಚಿ ಅಂತಾರೆ. ನನ್ನನ್ನು ಜಾಸ್ತಿ ಕಾಡುವುದು ಇವರ ಕಥೆಯೇ. ಯಾವ ದೇಶದ ಪರ ಆಡಬೇಕು ಅನ್ನೋದು ಅವರಿಗೆ ಸುಮ್ನೆ ಮುಗಿಯುವ ಮಾತಲ್ಲ.

ಜಾಂಗ್ ಟೇ-ಸೆ ಹುಟ್ಟಿದ್ದು ಜಪಾನಿನ ನಗೋಯಾದಲ್ಲಿ. ಕಾಗದದಲ್ಲಿ ದಕ್ಷಿಣ ಕೊರಿಯಾದ ಪ್ರಜೆ. ಆಡಿದ್ದು ಉತ್ತರ ಕೊರಿಯಾಕ್ಕೆ, ಯಾಕೆಂದರೆ ಕಲಿತ ಶಾಲೆಗಳ ನಂಟು ಅತ್ತ ಕಡೆಗಿತ್ತು. 2010ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ವಿರುದ್ಧದ ಪಂದ್ಯಕ್ಕೆ ಮೊದಲು ರಾಷ್ಟ್ರಗೀತೆ ಮೊಳಗಿದಾಗ ಅವರು ಬಿಕ್ಕಿ ಬಿಕ್ಕಿ ಅತ್ತರು.

ಟೋಕಿಯೋದ ಲೀ ತದನಾರಿ ಇನ್ನೊಂದು ದಾರಿ ಹಿಡಿದರು. ಹುಡುಗನಾಗಿದ್ದಾಗ ದಕ್ಷಿಣ ಕೊರಿಯಾದ ಕಿರಿಯರ ಶಿಬಿರಕ್ಕೆ ಹೋಗಿ, ಹೊರಗಿನವನೆಂಬ ಮೂದಲಿಕೆ ಕೇಳಿ ಬಂದವರು. ಆಮೇಲೆ ಜಪಾನಿನ ಪೌರತ್ವ ಪಡೆದರು. ಆದರೆ ಲೀ ಎಂಬ ಕೊರಿಯನ್ ಮನೆತನದ ಹೆಸರನ್ನು ಬಿಡಲಿಲ್ಲ. 2011ರ ಏಷ್ಯಾ ಕಪ್ ಫೈನಲ್, ದೋಹಾ, ಹೆಚ್ಚುವರಿ ಸಮಯ. ಎಡಗಡೆಯಿಂದ ಜೊತೆ ಆಟಗಾರ ನಾಗಾಟೊಮೊ ಕೊಟ್ಟ ಕ್ರಾಸ್ ನೆಲ ಮುಟ್ಟುವ ಮೊದಲೇ ಲೀ ಎಡಗಾಲಲ್ಲಿ ಬಾರಿಸಿದರು. ಆಸ್ಟ್ರೇಲಿಯಾ ವಿರುದ್ಧ 1–0. ಕಪ್ ಜಪಾನಿಗೆ.