ಆಲಿಕಲ್ಲನ್ನು ಕತ್ತರಿಸಿ ನೋಡಿ

‘ಆಲಿ’ ಅಂದರೆ ಕಣ್ಣಗುಡ್ಡೆ, ಕಣ್ಣಾಲಿಯಲ್ಲಿರುವುದು ಅದೇ. ಮೋಡದಿಂದ ಬೀಳುವ ಮಂಜುಗಡ್ಡೆಗೂ ಆಲಿ ಎಂದೇ ಹೆಸರು, ತಮಿಳಿನಲ್ಲೂ ಹಾಗೆಯೇ. ಆಡುಮಾತಿನಲ್ಲಿ ಅದು ಆನೆಕಲ್ಲು. ಸಂಸ್ಕೃತದ ‘ಕರಕ’ಕ್ಕಂತೂ ಆಲಿಕಲ್ಲು, ಕಮಂಡಲು, ದಾಳಿಂಬೆ ಮೂರೂ ಅರ್ಥ!

ಗುಡುಗು ಮೋಡದೊಳಗೆ ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ಹೆಪ್ಪುಗಟ್ಟದ ನೀರಹನಿಗಳಿರುತ್ತವೆ. ಮಂಜಿನ ಕಾಳು ತಾಗಿದ್ದೇ ತಡ, ಅಂಟಿಕೊಂಡು ಗಟ್ಟಿಯಾಗುತ್ತವೆ. ಮೇಲೇರುವ ಗಾಳಿಗೆ ಹೊರಲಾರದಷ್ಟು ಭಾರವಾದಾಗ ಕಲ್ಲು ಬೀಳುತ್ತದೆ. 5 ಮಿ.ಮೀ.ಗಿಂತ ಚಿಕ್ಕದನ್ನು ಹವಾಮಾನದವರು ಸಾಮಾನ್ಯವಾಗಿ ಆಲಿಕಲ್ಲೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೊಡ್ಡದು ಸಿಕ್ಕರೆ (ಮಳೆ ನಿಂತ ಮೇಲೆ ಆರಿಸಿ, ತಲೆ ಮುಖ್ಯ) ಬರಿಗೈಯಲ್ಲಿ ಹಿಡಿಯಬೇಡಿ, ಕರಗುತ್ತದೆ. ಮೊದಲು ಅತಿ ಅಗಲದ ವ್ಯಾಸ ಅಳೆಯಿರಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ತೆರೆದಿಟ್ಟರೆ ಮಂಜು ನೇರ ಆವಿಯಾಗಿ ಕಲ್ಲು ಸವೆಯುತ್ತದೆ. ಕತ್ತರಿಸುವುದಕ್ಕೆ ಬಿಸಿ ಮಾಡಿದ ತಂತಿ ಒಳ್ಳೆಯದು, ಚಾಕುವಿಗೆ ಸೀಳುತ್ತದೆ. ಒಳಗೆ ಈರುಳ್ಳಿಯಂತೆ ಸುತ್ತುಗಳು: ಹಾಲುಬಿಳುಪಿನದು ಥಟ್ಟನೆ ಹೆಪ್ಪುಗಟ್ಟಿ ಗಾಳಿಗುಳ್ಳೆ ಸಿಕ್ಕಿಕೊಂಡದ್ದು, ಗಾಜಿನಂತಹದು ನಿಧಾನವಾಗಿ ಗಟ್ಟಿಯಾದದ್ದು.

2010ರ ಜುಲೈ 23ರಂದು ಅಮೆರಿಕದ ಸೌತ್ ಡಕೋಟಾದ ವಿವಿಯನ್‌ನಲ್ಲಿ ಬಿದ್ದದ್ದರ ವ್ಯಾಸ ಸುಮಾರು 20 ಸೆಂ.ಮೀ. ಅದೂ ಅಳೆಯುವ ಹೊತ್ತಿಗೆ ಸ್ವಲ್ಪ ಕರಗಿತ್ತು.