‘ನಿಮಗೆ ಪ್ರೇರಣೆ ಯಾರು ಮೇಡಂ?’

ಕಾಲೇಜಿನ ಕಾರ್ಯಕ್ರಮವಿರಲಿ, ಮದುವೆಮನೆಯ ಊಟದ ಪಂಕ್ತಿಯಿರಲಿ, ಇವರು ಕಥೆ ಬರೆಯುತ್ತಾರೆ ಎಂದು ಯಾರಾದರೂ ಪರಿಚಯಿಸಿದ ಕೂಡಲೇ ನನಗೆ ಎದುರಾಗುವ ಪ್ರಶ್ನೆ ಇದು. ಕೇಳುವವರ ಬಳಿ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಕುವೆಂಪು, ಕಾರಂತ, ತ್ರಿವೇಣಿ, ವೈದೇಹಿ, ಇವರಲ್ಲಿ ಒಬ್ಬರ ಹೆಸರು ಹೇಳಿದರೆ ಸಾಕು, ತಲೆಯಾಡಿಸಿ ಹೋಳಿಗೆಯ ಕಡೆ ತಿರುಗುತ್ತಾರೆ. ಇವರೆಲ್ಲರನ್ನೂ ಓದಿಕೊಂಡೇ ಬೆಳೆದವಳು ನಾನು. ಆದರೆ ಒಳ್ಳೆಯ ಕಾದಂಬರಿಯೊಂದನ್ನು ಮುಗಿಸಿದ ದಿನ ನನಗೆ ಬರೆಯಬೇಕು ಅನ್ನಿಸುವುದಿಲ್ಲ. ಬರೆಯುವುದಕ್ಕೆ ಇನ್ನೇನು ಉಳಿದಿದೆ ಅನ್ನಿಸುತ್ತದೆ. ನನ್ನನ್ನು ಮತ್ತೆ ಮತ್ತೆ ಮೇಜಿನ ಮುಂದೆ ಕೂರಿಸಿದವರು ಗೆಳೆಯರು. ಅದರಲ್ಲೂ ಸುಲಭಕ್ಕೆ ಒಪ್ಪದ ಗೆಳೆಯರು.

ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಜೊತೆಯಾದವಳೊಬ್ಬಳಿದ್ದಾಳೆ. ಅರ್ಥಶಾಸ್ತ್ರದವಳು, ಈಗ ಕಲಬುರಗಿಯಲ್ಲಿ ಪಾಠ ಮಾಡುತ್ತಾಳೆ. ಗಂಡನ ಮನೆ ಬಿಟ್ಟು ಹುಬ್ಬಳ್ಳಿಯಲ್ಲಿ ಒಂಟಿಯಾಗಿ ಬದುಕುವ ಹೆಂಗಸಿನ ಕಥೆಯೊಂದನ್ನು ಅವಳಿಗೆ ಓದಲು ಕೊಟ್ಟಿದ್ದೆ. ಕಿಟಕಿ, ಮಳೆ, ನೆನಪು ಎಲ್ಲವೂ ಧಾರಾಳವಾಗಿದ್ದವು. ಓದಿ ಮುಗಿಸಿ ಅವಳು ಕೇಳಿದ್ದು ಒಂದೇ ಮಾತು: ‘ಈ ಮನೆಯ ಬಾಡಿಗೆ ಯಾರು ಕಟ್ಟುತ್ತಾರೆ?’ ಇದು ಅವಳ ಮನಸ್ಸಿನ ಕಥೆ, ಬಾಡಿಗೆಯ ಲೆಕ್ಕವಲ್ಲ ಎಂದು ನಾನು ವಾದಿಸಿದೆ. ‘ಆ ಮನಸ್ಸು ಇರುವ ಮನೆಗೆ ಅಡ್ವಾನ್ಸ್ ಕೊಡಬೇಕಲ್ಲ’ ಎಂದಳು.

ಸಿಟ್ಟು ಬಂತು ನಿಜ. ಪ್ರಶ್ನೆ ಮಾತ್ರ ಬಿಡಲಿಲ್ಲ. ಬಾಡಿಗೆ ಕಟ್ಟಬೇಕಾದರೆ ಅವಳಿಗೊಂದು ಕೆಲಸ ಬೇಕು. ಸೀರೆಗೆ ಫಾಲ್ ಹಚ್ಚಿ, ಪಿಕೊ ಮಾಡಿ ಕೊಡುವ ಅಂಗಡಿಯಲ್ಲಿ ಕೆಲಸ ಕೊಡಿಸಿದೆ. ಅಡ್ವಾನ್ಸಿಗೆ ದುಡ್ಡು ಬೇಕು; ಸರ ಅಡವಿಡಿಸಿದೆ. ಒಂಟಿ ಹೆಂಗಸಿಗೆ ಮನೆ ಕೊಡಲು ಹಿಂದೇಟು ಹಾಕುವ ಮಾಲಕಿ ಬಂದಳು. ‘ಗಂಡ ದುಬೈಯಲ್ಲಿದ್ದಾರೆ’ ಎಂದು ಅವಳಿಗೆ ಹೇಳಿದ ಸುಳ್ಳು ಬಂತು. ಆ ಸುಳ್ಳನ್ನು ಕಾಪಾಡಿಕೊಳ್ಳಲು ಪ್ರತಿ ಭಾನುವಾರ ಸಂಜೆ ಮೆಟ್ಟಿಲ ಮೇಲೆ ಕುಳಿತು ಆಡುವ ಸುಳ್ಳು ಫೋನ್ ಸಂಭಾಷಣೆ ಬಂತು. ಕಥೆ ಅಲ್ಲಿಂದಲೇ ಹುಟ್ಟಿತು. ಮಳೆ ಒಂದು ವಾಕ್ಯಕ್ಕೆ ಇಳಿಯಿತು.

ಗೆಳೆಯರ ಒಂದು ಮಾತು ಹೀಗೆ ಬರೆಸುವುದು ಕನ್ನಡದಲ್ಲಿ ಹೊಸದೇನಲ್ಲ. ಧಾರವಾಡದ ಸುಭಾಷ್ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಪ್ರಕಾಶನ ಅದು. ಬರೆಯುವವರು ಬಂದು ಕೂತು, ಓದಿ, ಜಗಳವಾಡಿ ಹೋಗುತ್ತಿದ್ದ ಜಾಗ. ಅದರ ಸಾಹಿತ್ಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿ, ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕಗಳಿಲ್ಲ ಎಂದು ಕೊರಗಿದ್ದರಂತೆ. ಆ ಮಾತು ತಮ್ಮನ್ನು ಚುಚ್ಚಿತು ಎಂದು ಗಿರೀಶ ಕಾರ್ನಾಡರೇ ಹೇಳಿಕೊಂಡಿದ್ದಾರೆ. ಇತಿಹಾಸದ ಪುಸ್ತಕಗಳನ್ನು ತಿರುವಿಹಾಕುತ್ತ ಹೋದ ಅವರಿಗೆ ದಿಲ್ಲಿಯ ಸುಲ್ತಾನ ಸಿಕ್ಕಿದ. 1964ರ ‘ತುಘಲಕ್’ ಬಂದದ್ದು ಹಾಗೆ. ಕುರ್ತಕೋಟಿ ಕಥಾವಸ್ತು ಕೊಡಲಿಲ್ಲ, ಬೆನ್ನು ತಟ್ಟಲೂ ಇಲ್ಲ. ಇಲ್ಲದ್ದನ್ನು ಇಲ್ಲ ಎಂದರು, ಅಷ್ಟೇ. ನನ್ನ ಗೆಳತಿಯ ಬಾಡಿಗೆಯ ಪ್ರಶ್ನೆಯನ್ನು ಆ ಎತ್ತರಕ್ಕೆ ಏರಿಸುತ್ತಿಲ್ಲ, ಆದರೆ ಜಾತಿ ಅದೇ.

ಇನ್ನೊಂದು ಬಗೆಯ ಗೆಳೆತನವಿದೆ. ಅದರಲ್ಲಿ ಎದುರಿಗಿರುವವರು ಹೆಚ್ಚೇನೂ ಹೇಳಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಇಂಗ್ಲಿಷ್ ಲೇಖಕ ಮಾಲ್ಕಂ ಬ್ರಾಡ್‌ಬರಿ ಅಲ್ಲಿ ಅವರ ಅಧ್ಯಾಪಕರು. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ, ಮಧ್ಯಯುಗದಲ್ಲಿ ನಡೆಯುವ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ಅನಂತಮೂರ್ತಿ ಉಪಶೀರ್ಷಿಕೆಗಳಿಲ್ಲದೆ ನೋಡಿದ್ದರು. ಅರ್ಧಂಬರ್ಧ ಅರ್ಥವಾದದ್ದೇ ಅವರನ್ನು ಯೋಚನೆಗೆ ಹಚ್ಚಿತು. ಯುರೋಪಿನವರು ಮಧ್ಯಯುಗವನ್ನು ಪುಸ್ತಕಗಳಿಂದ ಕಟ್ಟಿಕೊಳ್ಳಬೇಕು, ನಮ್ಮಂಥವರಿಗೆ ಅದು ಜೀವಂತ ನೆನಪು ಎಂದು ಬ್ರಾಡ್‌ಬರಿಗೆ ಹೇಳಿದರಂತೆ. ಹಿಂದೆ ಬರೆದಿದ್ದ ಕಥೆಯೊಂದನ್ನು ಮತ್ತೆ ಕೈಗೆತ್ತಿಕೊಂಡರು. 1965ರಲ್ಲಿ, ಅಗ್ರಹಾರವೊಂದರ ಕಥೆ ಹೇಳುವ ‘ಸಂಸ್ಕಾರ’ ಕಾದಂಬರಿ ಪ್ರಕಟವಾಯಿತು. ಈ ಪ್ರಸಂಗದಲ್ಲಿ ನನ್ನನ್ನು ಹಿಡಿಯುವುದು ಸಿನಿಮಾ ಅಲ್ಲ. ಅಗ್ರಹಾರ ಎಂದರೇನೆಂದೇ ತಿಳಿಯದ ಒಬ್ಬರಿಗೆ ವಿವರಿಸಬೇಕಾಗಿ ಬಂತಲ್ಲ, ಅದು. ಹುಟ್ಟೂರಾದ ಮೇಳಿಗೆಯಲ್ಲೇ ಇದ್ದಿದ್ದರೆ ಆ ಮಾತನ್ನು ಯಾರಿಗೆ ಹೇಳುತ್ತಿದ್ದರು? ಅಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ.

ಇನ್ನು ಕುವೆಂಪು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾಗಿರುವುದು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಅವರು ತೀರಿಕೊಂಡದ್ದು 1939ರಲ್ಲಿ, ಕಾವ್ಯ ಮುಗಿದದ್ದು ಅದಕ್ಕೆ ಎಷ್ಟೋ ವರ್ಷಗಳ ನಂತರ. ಆದರೂ ಕುವೆಂಪು ಎದುರಿಗೆ ನಿಂತವರಿಗೆ ಹೇಳುವಂತೆಯೇ, ಇದೋ ಮುಗಿಸಿ ತಂದಿದ್ದೇನೆ ಎಂದು ಒಪ್ಪಿಸುತ್ತಾರೆ. ಅಷ್ಟು ವರ್ಷ ಬರೆಸಿಕೊಂಡವರು ಯಾರು ಎಂದು ಬೇರೆ ಕೇಳಬೇಕೆ?

ಜೊತೆಯಲ್ಲಿ ಬರೆಯುವವರ ಗೆಳೆತನ ಇಷ್ಟು ಸಾತ್ವಿಕವಲ್ಲ. ಒಂದು ವರ್ಷ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ನಾನೂ ಗೆಳತಿಯೊಬ್ಬಳೂ ಕಥೆ ಕಳಿಸಿದ್ದೆವು. ಬಹುಮಾನ ಅವಳಿಗೆ ಬಂತು. ಮನಸಾರೆ ಎಂಬಂತೆ ಅಭಿನಂದಿಸಿ ಫೋನ್ ಇಟ್ಟವಳೇ ಅವಳ ಕಥೆಯಲ್ಲಿ ಹುಳುಕು ಹುಡುಕುತ್ತ ಕುಳಿತೆ. ಹುಳುಕು ಸಿಗಲಿಲ್ಲ. ಮಾತನ್ನು ಎಲ್ಲಿ ನಿಲ್ಲಿಸಿದರೆ ಪಾತ್ರ ಮುಂದುವರಿಯುತ್ತದೆ ಎಂಬುದು ಮಾತ್ರ ಚೆನ್ನಾಗಿ ಕಾಣಿಸಿತು. ಹೊಟ್ಟೆಕಿಚ್ಚು ಪಟ್ಟವರಷ್ಟು ಗಮನವಿಟ್ಟು ವಿಮರ್ಶಕರೂ ಓದಲಾರರು.

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಗೆಳತಿಯೊಬ್ಬಳಿದ್ದಾಳೆ. ನನ್ನ ಒಂದು ಕಥೆಯನ್ನೂ ಓದಿದವಳಲ್ಲ. ಫಾಲ್ ಮತ್ತು ಪಿಕೊ ಅಂಗಡಿಯ ವಿವರವೆಲ್ಲ ಅವಳ ಕೊಡುಗೆ. ಅವಳು ಹೇಳಿದ್ದನ್ನು ಬರೆಯುವ ಮೊದಲು ಕೇಳಿಯೇ ಬರೆಯುತ್ತೇನೆ, ಅವಳು ಶರತ್ತು ಹಾಕಿಯೇ ಒಪ್ಪುತ್ತಾಳೆ: ‘ನನ್ನ ನಾದಿನಿಯ ಹೆಸರು ಬದಲಿಸಿದರೆ ಸಾಲದು ಅಕ್ಕಾ, ಊರನ್ನೂ ಬದಲಿಸಿ. ಆ ಹಸಿರು ಸೀರೆಯನ್ನಂತೂ ಬಿಟ್ಟೇಬಿಡಿ, ಅದರಿಂದಲೇ ಗುರುತು ಸಿಗುತ್ತದೆ.’ ವಿವರವೊಂದು ಎಷ್ಟು ಮಾತಾಡುತ್ತದೆ ಎಂಬುದನ್ನು ಇಷ್ಟು ಖಚಿತವಾಗಿ ನನಗೆ ಯಾವ ಕಮ್ಮಟದಲ್ಲೂ ಯಾರೂ ಹೇಳಿಲ್ಲ.

ಈಗ ಕಾದಂಬರಿಯೊಂದರ ಕರಡು ಕಲಬುರಗಿಗೆ ಹೋಗಿ ಬಂದಿದೆ. ನ್ಯಾಯಬೆಲೆ ಅಂಗಡಿ ನಡೆಸುವವನ ಕಥೆ. ಅಂಚಿನಲ್ಲಿ ಆ ಅರ್ಥಶಾಸ್ತ್ರದ ಗೆಳತಿ ಪೆನ್ಸಿಲಿನಿಂದ ಬರೆದಿದ್ದಾಳೆ: ‘ತಿಂಗಳ ಕೊನೆಯ ದಿನ ಮುದುಕಿಯ ಹೆಬ್ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದರೆ, ಇವನು ಅಕ್ಕಿ ಕೊಡುತ್ತಾನೋ ವಾಪಸ್ ಕಳಿಸುತ್ತಾನೋ?’ ಕೊಟ್ಟರೆ ಒಂದು ಕಾದಂಬರಿ, ಕಳಿಸಿದರೆ ಇನ್ನೊಂದು. ಅಂಗಡಿಯವರನ್ನೇ ವಿಚಾರಿಸಬೇಕು. ಕಥೆಗಾರ್ತಿ ಕೇಳಿದರೆ ಅವರು ಸರ್ಕಾರದ ನಿಯಮ ಒಪ್ಪಿಸುತ್ತಾರೆ. ಅದಕ್ಕೇ ಬ್ಲೌಸ್ ಹೊಲಿಯುವವಳನ್ನು ಜೊತೆಗೆ ಬಾ ಎಂದಿದ್ದೇನೆ.