ಮುಖ ಬದಲಾದರೆ ಮನುಷ್ಯ ಬದಲಾಗುತ್ತಾನೆಯೇ?

2005ರ ನವೆಂಬರಿನಲ್ಲಿ ಫ್ರಾನ್ಸಿನ ಅಮಿಯಾಂ ನಗರದ ವೈದ್ಯರು, ಸಾಕುನಾಯಿಯ ಕಡಿತದಿಂದ ಮೂಗು, ತುಟಿ, ಗದ್ದ ಕಳೆದುಕೊಂಡಿದ್ದ ಇಸಬೆಲ್ ದಿನ್ವಾರ್ ಎಂಬ ಮಹಿಳೆಗೆ ಮೃತ ದಾನಿಯೊಬ್ಬರ ಮುಖದ ಆ ಭಾಗವನ್ನು ಕಸಿ ಮಾಡಿದರು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. 1997ರ ‘ಫೇಸ್ ಆಫ್’ ಚಿತ್ರದಲ್ಲಿ ಪೊಲೀಸ್ ಅಧಿಕಾರಿಯೂ ಅಪರಾಧಿಯೂ ಮುಖ ಅದಲುಬದಲಾದೊಡನೆ ಮನೆಮಂದಿಯೇ ಮೋಸಹೋಗುತ್ತಾರೆ. ವಾಸ್ತವದಲ್ಲಿ ದಾನಿಯ ಚರ್ಮ, ಸ್ನಾಯುಗಳು ಪಡೆದವರ ಎಲುಬಿನ ಮೇಲೆ ಕೂರುವುದರಿಂದ, ಮೂಡುವ ಚಹರೆ ಪೂರ್ತಿಯಾಗಿ ದಾನಿಯದೂ ಅಲ್ಲ, ಪಡೆದವರ ಹಳೆಯದೂ ಅಲ್ಲ. ನರಗಳು ಕೂಡಿ ಸ್ಪರ್ಶ ಮರಳಲು ತಿಂಗಳುಗಳೇ ಬೇಕು. ದೇಹ ಆ ಅಂಗಾಂಶವನ್ನು ತಿರಸ್ಕರಿಸದಂತೆ ಜೀವನವಿಡೀ ಔಷಧ ಸೇವಿಸಬೇಕು, ಅದರಿಂದ ಸೋಂಕು ಮತ್ತು ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಇಸಬೆಲ್ 2016ರಲ್ಲಿ ತೀರಿಕೊಂಡರು.

ಬಳ್ಳಾರಿಯ ನಮ್ಮ ಓಣಿಯಲ್ಲಿ, ಸ್ಟೋವ್ ಸಿಡಿದು ಮುಖ ಸುಟ್ಟುಕೊಂಡ ಅಕ್ಕನೊಬ್ಬರಿದ್ದಾರೆ. ತುಟಿಯ ಒಂದು ಬದಿ ಬಿಗಿದುಕೊಂಡಿರುವುದರಿಂದ ಚಹಾವನ್ನು ಬಸಿಗೆ ಸುರಿದು, ತುಸು ಆರಿದ ಮೇಲೆ ಇನ್ನೊಂದು ಬದಿಯಿಂದ ಮೆಲ್ಲಗೆ ಹೀರುತ್ತಾರೆ. ಹೊಸಬರು ಎದುರಾದರೆ ಸೆರಗನ್ನು ಕೆನ್ನೆಯವರೆಗೆ ಎಳೆದುಕೊಳ್ಳುತ್ತಾರೆ. ಅವರ ಮಕ್ಕಳಿಗೆ ತಾಯಿ ಯಾರೆಂಬ ಗೊಂದಲ ಎಂದೂ ಆಗಿಲ್ಲ, ದನಿಯೊಂದೇ ಅವರಿಗೆ ಸಾಕು. ಸಿನಿಮಾ ‘ನಾನು ಯಾರು’ ಎಂಬ ಪ್ರಶ್ನೆಯನ್ನು ರೋಚಕವಾಗಿ ಕೇಳುತ್ತದೆ, ಅದು ದೊಡ್ಡ ಪ್ರಶ್ನೆಯೇ ಹೌದು. ಆದರೆ ಇಂಥವರಿಗೆ ಅದಕ್ಕಿಂತ ಮೊದಲು ಬೇಕಾದದ್ದು ನೀರು ಚೆಲ್ಲದೆ ಕುಡಿಯುವ ತುಟಿ, ಸಂತೆಯಲ್ಲಿ ಯಾರೂ ತಿರುಗಿ ನೋಡದೆ ನಡೆಯುವ ನೆಮ್ಮದಿ. ಅಷ್ಟನ್ನು ಮರಳಿಸಬಲ್ಲ ಶಸ್ತ್ರಚಿಕಿತ್ಸೆಯನ್ನು ವೇಷಾಂತರದ ಕಥೆಯಾಗಿಯೇ ನೋಡುವುದು ನನಗೆ ಸರಿಯೆನಿಸುವುದಿಲ್ಲ.